ನಾಲ್ಕನೆಯ ಜೀನ್ಸ್

ನಾಳೆಯಿಂದ ಹಾಲಿನ ವ್ಯಾನ್ ಓಡಿಸುವ ಕೆಲಸ ಅವಳದು; ಜೀನ್ಸ್ ಇಲ್ಲದೆ ಬರಬೇಡ ಎಂದು ಡೇರಿಯವರು ಖಡಾಖಂಡಿತ ಹೇಳಿದ್ದರು. ಅಂಗಡಿಯಲ್ಲಿ ಮೂರು ಜೀನ್ಸ್ ತೊಡೆಯನ್ನೇ ದಾಟಲಿಲ್ಲ. ನಾಲ್ಕನೆಯದು ಏರಿತು, ಆದರೆ ಸೊಂಟದಲ್ಲಿ ಅಂಗೈ ತೂರುವಷ್ಟು ಸಡಿಲ.

“ತಪ್ಪು ಬಟ್ಟೇದಲ್ಲಮ್ಮ, ಮೈಯದು,” ಎಂದ ಅಂಗಡಿಯವನು.

ಜೊತೆಗೆ ಬಂದಿದ್ದ ಅತ್ತಿಗೆ ಕಿಸಕ್ಕನೆ ನಕ್ಕಳು. “ಕುಂಬಳಕಾಯಿಗೆ ಯಾರಾದ್ರೂ ಅಳತೆ ತಗೊಂಡು ಚೀಲ ಹೊಲೀತಾರಾ? ಮನೇಲಿ ಬಿದ್ದಿರು ಅಂದ್ರೆ ಕೇಳಲ್ಲ.”

ಗಿರಣಿಯಲ್ಲಿ ಹತ್ತು ವರ್ಷ ಚೀಲ ಹೊಲಿದಿದ್ದ ಅವಳು ನಾಲ್ಕನೆಯದನ್ನೇ ಕೊಂಡಳು. ಸಂಜೆ ಸೊಂಟದ ಪಟ್ಟಿ ಬಿಚ್ಚಿ, ಹಿಂಭಾಗದಲ್ಲಿ ನಾಲ್ಕು ಬೆರಳು ಒಳಗೆ ಮಡಿಸಿ, ದಬ್ಬಣದಲ್ಲಿ ಬಿಗಿಯಾಗಿ ಹೊಲಿದಳು.

ಬೆಳಿಗ್ಗೆ ಹೊಸ್ತಿಲು ದಾಟುವಾಗ ಅತ್ತಿಗೆ ಹಿಂದಿನಿಂದ ಕೂಗಿದಳು. “ಹೊಲಿಗೆ ಎದ್ದು ಕಾಣ್ತಿದೆ ಕಣೇ!”

“ಕಾಣ್ಲಿ ಬಿಡಿ ಅತ್ತಿಗೆ. ನಾನು ಹೋಗೋದನ್ನ ನೋಡ್ತಾ ನಿಲ್ಲೋರಿಗೆ ಅಷ್ಟಾದ್ರೂ ಬೇಡ್ವಾ?”