ಮಣ್ಣುಗಾಳು

“ಗಂಟ ಬಿಚ್ಚು, ಕಳ್ಳ ರಂಡೀ! ಬಿಚ್ಚು ಅಂದ್ರ ಬಿಚ್ಚು!”

ಮಹಾರುದ್ರಪ್ಪ ಸಾಹುಕಾರ ಹೀಗೆ ಒದರಿದ್ದು ನನ್ನ ಅವ್ವನಿಗೆ, ಎಪ್ಪತ್ತು ದಾಟಿದ ಸುಮನಬಾಯಿಗೆ. ಮಧ್ಯಾಹ್ನ ಮೂರರ ಬಿಸಿಲು. ಅವನ ಕಣದಲ್ಲಿ ಬಿಳಿಜೋಳದ ರಾಶಿ ಮುಗಿದು ತೆನೆ ಒಕ್ಕುವ ಮಿಷಿನ್ ಆಗಷ್ಟೇ ನಿಂತಿತ್ತು. ಅದರ ಸದ್ದಿಗೆ ಕಿವಿ ಇನ್ನೂ ಗುಂಯ್‌ಗುಡುತ್ತಿತ್ತು. ಆದರೂ ಆ ಮಾತು ಸರಿಯಾಗಿ ಕೇಳಿಸಿತು.

ಬೇಸಿಗೆಯ ಸುಗ್ಗಿಯನ್ನು ಹಾಡಿ ಹೊಗಳುವವರು ಒಮ್ಮೆ ಬಂದು ಜೋಳದ ದೂಳನ್ನು ಬೆವರಿಗೆ ಅಂಟಿಸಿಕೊಂಡು ನೋಡಲಿ. ಖಾರ ಹಚ್ಚಿದಂತೆ ಮೈ ಉರಿಯುತ್ತದೆ. ರಾಜೇಶ್ವರ ಊರಿನ ಆಚೆ ನನಗೂ ಎರಡು ಎಕರೆ ಹೊಲವಿದೆ, ನಾನೂ ರೈತನೇ. ಆದರೆ ಊರಿಗೆಲ್ಲ ಇರುವ ಒಂದೇ ಮಿಷಿನ್ ಸಾಹುಕಾರನದು. ಅವನ ಕಣದಲ್ಲಿ ನಾವು ಮೂರು ದಿನ ಬಿಟ್ಟಿ ದುಡಿದ ಮೇಲೆ ಅದು ನಮ್ಮ ಹೊಲದ ಕಡೆ ತಿರುಗುತ್ತದೆ. ನನ್ನ ಜೋಳ ಕೊಯ್ದು ಒಟ್ಟಿ ಎಂಟು ದಿನವಾಗಿತ್ತು. ಉಮರ್ಗಾ ಕಡೆ ಮೋಡ ಕಪ್ಪಾಗುತ್ತಿತ್ತು.

ಪದ್ಧತಿ ನನ್ನ ಅಜ್ಜನ ಕಾಲದ್ದು. ಮಿಷಿನ್ ಮುಂದೆ ಹಾಸಿದ ತಾಡಪತ್ರಿಯ ಮೇಲೆ ಬಿದ್ದ ಕಾಳು ಸಾಹುಕಾರನದು. ಆಚೆ ಸಿಡಿದು ಮಣ್ಣು ಸೇರಿದ್ದು ಕಣ ಗುಡಿಸುವ ನಮ್ಮ ಹೆಂಗಸರದು. ಅದಕ್ಕೆ ಮಣ್ಣುಗಾಳು ಅನ್ನುತ್ತೇವೆ. ಪೂಜೆ ಆಗುವ ತನಕ ರಾಶಿಯನ್ನು ನಾವು ಮುಟ್ಟುವಂತಿಲ್ಲ. ಬಿತ್ತಿದ್ದು ನಾವು, ಕೊಯ್ದಿದ್ದು ನಾವು. ಅದಕ್ಕೆ ಅಡ್ಡಿಯಿಲ್ಲ.

ಅವ್ವ ಬೆಳಗಿನಿಂದ ಗುಡಿಸಿ, ಗಾಳಿಗೆ ತೂರಿ, ಮೊರದಲ್ಲಿ ಕೇರಿ, ಒಂದು ಹರಳೂ ಉಳಿಯದಂತೆ ಆರಿಸಿದ್ದಳು. ಅದೇ ತಪ್ಪಾಯಿತು. ಗಂಟು ಬಿಚ್ಚಿದರೆ ಕಾಳು ಬೆಳ್ಳಗೆ ಹೊಳೆಯಿತು.

“ನೋಡ್ರಿ ಎಲ್ಲಾರೂ! ಮಣ್ಣಾಗಿನ ಕಾಳು ಇಷ್ಟ್ ಸಾಫ್ ಇರ್ತಾವೇನು? ನನ್ನ ರಾಶಿಗಿ ಕೈ ಹಾಕ್ಯಾಳ. ಪೂಜಾ ಆಗಿಲ್ಲ, ಮುಟ್ಟಿ ಮೈಲಿಗಿ ಮಾಡ್ಯಾಳ!”

“ಇಲ್ರಿ ಸಾವ್ಕಾರ್ರೇ, ನಾ ಆರಿಸೀನ್ರಿ. ನನ್ನ ಉಗರ ನೋಡ್ರಿ.” ಅವ್ವ ಕೈ ಚಾಚಿದಳು. ಉಗುರಿನ ಸಂದಿಯಲ್ಲೆಲ್ಲ ಮಣ್ಣು, ಎರಡು ಕಡೆ ರಕ್ತ.

“ಕೈ ಹಿಂದಕ್ಕ ತಗೀ!”

ನಲವತ್ತು ವರ್ಷದಿಂದ ಅವ್ವನ ಜೊತೆ ಕೂಲಿಗೆ ಬರುವ ವಜೀರಬಿ ಸುಮ್ಮನಿರಲಿಲ್ಲ. “ಖುದಾ ಕಸಂ ಸಾವ್ಕಾರ್ರೇ, ನಾ ಬಾಜೂಕೇ ಕುಂತಿದ್ದೆ. ನಿಮ್ಮ ಮನ್ಯಾಗ ಹಿಂಗ ಹರಳ ಆರ್ಸೋರು ಇದ್ದಿದ್ರ ನಿಮಗ ಈ ಹಲ್ಲಿನ ಸೆಟ್ ಬೇಕಾಗ್ತಿದ್ದಿಲ್ಲ.”

ಹೆಂಗಸರು ಕಿಸಕ್ಕೆಂದರು. ಆ ನಗು ಅವನಿಗೆ ಚುಚ್ಚಿತು. ಗಂಟನ್ನು ಎಳೆದುಕೊಂಡು ಕಾಳನ್ನೆಲ್ಲ ತನ್ನ ರಾಶಿಯ ಮೇಲೆ ಸುರಿದ. ಆಗ ಮಾತ್ರ ಮೈಲಿಗೆ ನೆನಪಾಗಲಿಲ್ಲ, ಸೂಳೆಮಗನಿಗೆ.

“ಕದ್ದೀನಿ ಅಂತ ಒಪ್ಕೊ, ನೆಲಕ್ಕ ಹಣಿ ಹಚ್ಚು. ಆಮ್ಯಾಲ ನಿನ್ನ ಮಗನ ಹೊಲಕ್ಕ ಮಿಷಿನ್ ಬರ್ತದ. ಇಲ್ಲಾಂದ್ರ ಅವನ ಜ್ವಾಳ ಮಳ್ಯಾಗ ಮೊಳಕಿ ಒಡೀಲಿ.”

ಅವ್ವ ಮೋಡ ನೋಡಿದಳು. ನನ್ನ ಮುಖ ನೋಡಿದಳು. ಮೊಣಕಾಲೂರಿದಳು.

“ಅವ್ವಾ, ಏಳು!”

“ಸುಮ್ಕಿರೋ ಮಚ್ಚೇಂದ್ರ. ವರ್ಷದ ಜ್ವಾಳ ಹೋಗ್ತದ.”

“ಹೋಗಲಿ!”

ಸಲಿಕೆ ಕೈಗೆ ಬಂತು. ಕಣದ ಅಂಚಿನಲ್ಲಿದ್ದ ಮಣ್ಣು, ಹೊಟ್ಟು, ಹರಳನ್ನು ತುಂಬಿ ತುಂಬಿ ರಾಶಿಯ ನೆತ್ತಿಗೆ ಎಸೆದೆ. ಅಂದಾಜು ನಲವತ್ತು ಚೀಲದ ಬಿಳಿ ರಾಶಿ. ಸಾಹುಕಾರ ಮೈಮೇಲೆ ಬಂದ.

“ಏ ಬೋಳಿಮಗನ, ಏನ್ ಮಾಡಾಕತ್ತೀ!”

“ಮುಂದ ಬಾ. ಮುಂದಿನ ಸಲಿಕಿ ನಿನ್ನ ಹಣಿಗಿ.”

ಅವನು ನಿಂತ. ನಾನು ಚಪ್ಪಲಿಗಾಲಲ್ಲೇ ರಾಶಿ ಹತ್ತಿದೆ. ತುಳಿದೆ. ಮಣ್ಣು ತಳದ ತನಕ ಇಳಿಯುವಂತೆ ಸಲಿಕೆಯಿಂದ ಕೆದಕಿ ಕಲಸಿದೆ. ಇಷ್ಟು ವರ್ಷದ ಸುಗ್ಗಿಯಲ್ಲಿ ಯಾವ ಕೆಲಸವೂ ನನಗೆ ಇಷ್ಟು ಹಗುರಾಗಿರಲಿಲ್ಲ.

“ಈಗ ಹೇಳು ಮಹಾರುದ್ರಪ್ಪ. ಮಣ್ಣು ಕೂಡಿದ ಕಾಳು ಯಾರದು?”

“ಪೊಲೀಸರಿಗಿ ಫೋನ್ ಹಚ್ತೀನಿ!”

“ಹಚ್ಚು. ಅವರು ಬರೋತನಕ ನಾವು ಖಾಲಿ ಕೂಡಂಗಿಲ್ಲ.”

ಮಳೆಗೆ ಮುಂಚಿನ ಗಾಳಿ ಎದ್ದಿತ್ತು. ನನ್ನ ಹೊಲದ ದಿಕ್ಕಿನಲ್ಲಿ ಮಿಂಚಿತು. ಅವ್ವ ಎದ್ದು ಮೊಣಕಾಲು ಕೊಡವಿಕೊಂಡಳು. ಮೊರ ಎತ್ತಿಕೊಂಡು ತಾಡಪತ್ರಿಯ ಮೇಲೆ ಕಾಲಿಟ್ಟು, ಮಣ್ಣು ಕೂಡಿದ ಕಾಳನ್ನು ಅದರಲ್ಲಿ ತುಂಬಿಕೊಂಡಳು. ಸಾಹುಕಾರನ ಕಡೆ ನೋಡಲಿಲ್ಲ.

“ವಜೀರಬಿ,” ಎಂದಳು, “ಗಾಳಿ ಯಾ ಕಡಿಂದ ಬರಾಕತ್ತದ ನೋಡು.”