ಬೊಮ್ಮಕ್ಕನ ಮನೆಯ ಕತ್ತಿ

ನಮ್ಮ ಯಜಮಾನರು ಜಯರಾಮಯ್ಯನವರು ಲೆಫ್ಟಿನೆಂಟ್ ಆದದ್ದು ಯುದ್ಧಕ್ಕೆ ಹೋಗಿ ಅಲ್ಲ. ಇಂಟರ್‌ಮೀಡಿಯೆಟ್ ಕಾಲೇಜಿನಲ್ಲಿ ಚರಿತ್ರೆಯ ಪಾಠ ಹೇಳುತ್ತ ಹೇಳುತ್ತಲೇ ಆದರು. ಜಪಾನಿನವರು ಬರ್ಮಾ ಹಿಡಿದ ಮೇಲೆ ಸರ್ಕಾರಕ್ಕೆ ಸಿಪಾಯಿಗಳಷ್ಟೇ ಅಲ್ಲ, ಆಫೀಸರುಗಳೂ ಸಾಲದಾದರು. ಕಾಲೇಜು ಹುಡುಗರಿಗೆ ಕವಾಯತು ಕಲಿಸಿ, ಅವರಲ್ಲಿ ಚುರುಕಾದವರನ್ನು ಆರಿಸಿ ಆಫೀಸರ್ ತರಬೇತಿಗೆ ಕಳಿಸಬೇಕೆಂದು ಹುಕುಂ ಬಂತು. ಕಲಿಸುವವರು ಬೇಕಲ್ಲ, ಅದಕ್ಕೆ ಮೇಷ್ಟರುಗಳಿಗೇ ಖಾಕಿ ಬಟ್ಟೆ ಕೊಟ್ಟು ಭುಜಕ್ಕೆ ನಕ್ಷತ್ರ ಹಚ್ಚಿದರು. ಪಾಣಿಪತ್ತಿನ ಕದನವನ್ನು ಕುರ್ಚಿಯಲ್ಲಿ ಕುಳಿತು ಹೇಳುತ್ತಿದ್ದವರು ಎದ್ದು ನಿಂತು 'ಲೆಫ್ಟ್ ರೈಟ್' ಅನ್ನತೊಡಗಿದರು. ವ್ಯತ್ಯಾಸ ಇಷ್ಟೇ.

ಮಂಡಿಯಿಂದ ಕೆಳಗೆ ಕಾಲಿಗೆ ಸುತ್ತುವ ಖಾಕಿ ಪಟ್ಟಿಯನ್ನು ದಿನಾ ಬೆಳಿಗ್ಗೆ ಸುತ್ತುತ್ತಿದ್ದವಳು ನಾನು. ಬಗ್ಗಲು ಅವರ ಹೊಟ್ಟೆ ಬಿಡುತ್ತಿರಲಿಲ್ಲ. ಮಂಚದ ಮೇಲೆ ಕುಳಿತು ಕಾಲು ಚಾಚುವರು, ನಾನು ನೆಲದಲ್ಲಿ ಕುಳಿತು ಸುತ್ತುವೆನು. 'ಬಿಗಿಯಾಗಿ ಸುತ್ತೇ, ಪರೇಡಿನಲ್ಲಿ ಬಿಚ್ಚಿಕೊಂಡರೆ ಮರ್ಯಾದೆ ಹೋಗುತ್ತೆ' ಎನ್ನುವರು. ಮರ್ಯಾದೆ ಕಾಲಿನಲ್ಲಿ ಇರುವ ವಿಷಯ ನನಗೆ ಆಗ ತಿಳಿಯಿತು.

ಆ ವರ್ಷದ ಕ್ಯಾಂಪು ನನ್ನ ತವರೂರು ಮಧುಗಿರಿಯಲ್ಲಿ, ಬೆಟ್ಟದ ಬುಡದ ಬಯಲಿನಲ್ಲಿ ನಡೆಯಿತು. ಗುಡಾರ ಹೊಡೆದು, ಸುಣ್ಣದ ಗೆರೆ ಎಳೆದು, ಹುಡುಗರಿಗೆಲ್ಲ ಒಂದೊಂದು ಮರದ ಕೋವಿ ಕೊಟ್ಟರು. ನಿಜವಾದ ಕೋವಿಗಳು ಕೆಲವೇ, ಅವು ಪೆಟ್ಟಿಗೆಯಲ್ಲಿ ಬೀಗ ಹಾಕಿಸಿಕೊಂಡು ಸುಖವಾಗಿದ್ದವು. ಹಿಟ್ಲರನನ್ನು ಮರದ ಕೋವಿಯಿಂದ ಹೆದರಿಸುವ ಈ ಸೈನ್ಯವನ್ನು ನೋಡಲು ಸಂತೆಗೆ ಬಂದ ಜನ ಗಾಡಿ ನಿಲ್ಲಿಸುತ್ತಿದ್ದರು.

ಆ ಗುಂಪಿನಲ್ಲಿ ನಿಜವಾಗಿ ಕೋವಿ ಹಿಡಿಯಬಲ್ಲವನು ಒಬ್ಬನೇ, ಓಬಳಯ್ಯ. ಕೋಟೆ ಬೀದಿಯ ಬೊಮ್ಮಕ್ಕನ ಮಗ. ಅವರ ಮನೆಯ ಹಿತ್ತಲು ನಮ್ಮ ತವರಿನ ಹಿತ್ತಲಿಗೆ ತಾಗಿಕೊಂಡಿತ್ತು. ಪಾಳೆಯಗಾರರ ಕಾಲದಲ್ಲಿ ಕೋಟೆ ಕಾದ ವಂಶ. ಕೋಟೆ ಹೋಯಿತು, ಕಾವಲು ಉಳಿಯಿತು; ಅವನ ತಾತ, ಅಪ್ಪ ಇಬ್ಬರೂ ಕಂಡವರ ಕಡಲೆಕಾಯಿ ಹೊಲ ಕಾದು ಸತ್ತರು. ಓಬಳಯ್ಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ಗುರಿ ಹೊಡೆಯುವ ದಿನ ಪೆಟ್ಟಿಗೆಯ ಕೋವಿ ಕೈಗೆ ಬಂದರೆ ಅವನದು ಒಂದೂ ತಪ್ಪುತ್ತಿರಲಿಲ್ಲ. ಒಮ್ಮೆ ಮಜ್ಜಿಗೆ ಕೊಡುವಾಗ ಯಾಕಪ್ಪ ಆಫೀಸರ್ ಆಗಬೇಕು ಅಂತ ಕೇಳಿದೆ.

'ನಮ್ಮಪ್ಪ ಪಟೇಲ್ರ ಮುಂದೆ ಚಪ್ಲಿ ಕೈಯಾಗೆ ಇಡ್ಕಂಡು ನಿಂತಿರಾದ್ ನೋಡಿವ್ನಿ ಕಣಮ್ಮ. ನಾನು ಬೂಟ್ ಆಕ್ಕಂಡು ಅದೇ ಬೀದ್ಯಾಗೆ ನಡೀಬೇಕು. ಅಷ್ಟೇಯ' ಎಂದ.

ದೇಶ, ಚಕ್ರವರ್ತಿ, ಪ್ರಪಂಚದ ಶಾಂತಿ ಅಂತ ನಮ್ಮವರು ಮಾಡುತ್ತಿದ್ದ ಭಾಷಣಗಳೆಲ್ಲ ಸೇರಿಸಿದರೂ ಈ ಮಾತಿನ ತೂಕ ಬರುತ್ತಿರಲಿಲ್ಲ.

ಆರಿಸಲು ಬೆಂಗಳೂರಿನ ದಂಡಿನಿಂದ ಒಬ್ಬ ಬಿಳಿಯ ಕರ್ನಲ್ ಬರುವುದೆಂದಾಯಿತು. ನಮ್ಮ ಕಾಲೇಜಿಗೆ ಸಿಕ್ಕಿದ್ದು ಒಂದೇ ಸ್ಥಾನ. ಅದು ಓಬಳಯ್ಯನಿಗೇ ಎಂದು ಅಡಿಗೆಯವರಿಗೂ ಗೊತ್ತಿತ್ತು. ಆದರೆ ಶಿರಾದ ಕಂಬಳಿ ಕಂಟ್ರಾಕ್ಟರು ಚನ್ನಮಲ್ಲಯ್ಯನವರ ಮಗ ಪಂಚಾಕ್ಷರಿಯೂ ಕ್ಯಾಂಪಿನಲ್ಲಿದ್ದ. ಚನ್ನಮಲ್ಲಯ್ಯ ಯುದ್ಧಕ್ಕೆಂದು ಕಂಬಳಿ ಒದಗಿಸುತ್ತಿದ್ದ ಮಹಾನುಭಾವ. ಅವರ ಕಂಬಳಿ ಹೊದ್ದ ಸಿಪಾಯಿ ಕಾಲು ಮುಚ್ಚಿದರೆ ಭುಜ ಬೆತ್ತಲೆ. ಮಗ ಆಫೀಸರಾದರೆ ಕಂಟ್ರಾಕ್ಟು ಭದ್ರ ಎಂಬುದು ಅವರ ಲೆಕ್ಕ. ಒಂದು ಮಧ್ಯಾಹ್ನ ನಮ್ಮ ತವರಿನ ಜಗಲಿಯಲ್ಲಿ ಕುಳಿತು ಹೋಳಿಗೆ ತಿಂದು, ನಮ್ಮವರ ಭುಜದ ಮೇಲಿನ ನಕ್ಷತ್ರ ಮುಟ್ಟಿ, 'ಇನ್ನೊಂದು ಬೀಳಬೇಕಲ್ಲ ಸ್ವಾಮಿ, ಕ್ಯಾಪ್ಟನ್ ಆಗಬೇಕಲ್ಲ. ದಂಡಿನಲ್ಲಿ ನಮಗೆ ಬೇಕಾದವರು ಇದ್ದಾರೆ' ಎಂದರು. ನಮ್ಮವರ ಮುಖ ಅರಳಿತು.

ಕರ್ನಲ್‌ಗೆ ಹಳೆಯ ಯೋಧರ ಮನೆತನಗಳೆಂದರೆ ಬಹಳ ಇಷ್ಟವಂತೆ. ಕಂಬಳಿ ಮಾರುವ ಮನೆಯಲ್ಲಿ ಯೋಧರನ್ನು ಎಲ್ಲಿಂದ ತರುವುದು? ನಮ್ಮವರು ಚರಿತ್ರೆಯ ಮೇಷ್ಟರಲ್ಲವೇ, ತಂದರು. ಓಬಳಯ್ಯನನ್ನು ಕರೆದು, ಮನೆಯಲ್ಲಿರುವ ಹಳೆಯ ಕತ್ತಿಯನ್ನು ಒಂದು ದಿನದ ಮಟ್ಟಿಗೆ ತಂದುಕೊಡು ಎಂದು ಕೇಳಿದರು.

ಆ ಕತ್ತಿಯ ವಿಷಯ ಕೋಟೆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಮಾತ್ರ ಒರೆಯಿಂದ ತೆಗೆಯುತ್ತಾರೆ. ತೆಗೆದ ಮೇಲೆ ರಕ್ತ ಕಾಣಿಸದೆ ಒರೆಗೆ ಹಾಕುವಂತಿಲ್ಲ. ಕುರಿ ಕೋಳಿಯ ರಕ್ತ ನಡೆಯದು. ಯಾರು ಹಿರಿದರೋ ಅವರೇ ತಮ್ಮ ಹೆಬ್ಬೆರಳು ಕೊಯ್ದು ಅಲಗಿಗೆ ಸವರಬೇಕು. ಅವರಿಂದಾಗದಿದ್ದರೆ ಆ ಮನೆಯ ಗಂಡುಮಗ ಅವರ ಬದಲು ಬೆರಳು ಕೊಡಬೇಕು. ಸುಮ್ಮಸುಮ್ಮನೆ ಕತ್ತಿ ಹಿರಿಯುವ ಚಟ ಯಾರಿಗೂ ಹತ್ತಬಾರದು, ಹಿರಿದವನಿಗೆ ಮೊದಲು ನೋಯಬೇಕು ಅಂತ ಹಿರಿಯರು ಮಾಡಿದ ಕಟ್ಟು. ದೊಡ್ಡದೊಡ್ಡ ರಾಜ್ಯಗಳಿಗೆ ಇಂಥದ್ದೊಂದು ಕಟ್ಟು ಇದ್ದಿದ್ದರೆ ಹುಡುಗರಿಗೆ ಮರದ ಕೋವಿ ಹಂಚುವ ಗತಿ ಬರುತ್ತಿರಲಿಲ್ಲ.

ಓಬಳಯ್ಯ ಕತ್ತಿ ತಂದುಕೊಟ್ಟು, 'ಸಾರ್, ಒರೆಯಿಂದ ಮಾತ್ರ ತೆಗೀಬ್ಯಾಡಿ' ಎಂದು ಹೇಳಿ, ಕಾರಣವನ್ನೂ ಹೇಳಿದ.

'ಇಂಥ ಮೂಢನಂಬಿಕೆ ಇಟ್ಟುಕೊಂಡವನು ಆಫೀಸರ್ ಆಗ್ತೀಯೇನೋ' ಎಂದು ನಮ್ಮವರು ನಕ್ಕರು. ಕತ್ತಿ ಯಾರ ಸೊಂಟಕ್ಕೆ ಹೋಗುವುದೆಂದು ಹೇಳಲಿಲ್ಲ.

ಕರ್ನಲ್ ಬಂದ ದಿನ ಬಯಲಿನ ಸುತ್ತ ಊರೇ ನೆರೆದಿತ್ತು. ಹುಣಸೆಮರದ ಕೆಳಗೆ ಹೆಂಗಸರ ನಡುವೆ ಬೊಮ್ಮಕ್ಕನೂ ನಿಂತಿದ್ದಳು, ಮಗನನ್ನು ನೋಡಲೆಂದು. ನಾನು ಚಹಾ ಮೇಜಿನ ಹತ್ತಿರ ಇದ್ದೆ. ಪಂಚಾಕ್ಷರಿ ರೇಷ್ಮೆ ರುಮಾಲು ಸುತ್ತಿ, ಸೊಂಟದಲ್ಲಿ ಬೊಮ್ಮಕ್ಕನ ಮನೆಯ ಕತ್ತಿ ಸಿಕ್ಕಿಸಿಕೊಂಡು ಮುಂದೆ ಬಂದ. ನಮ್ಮವರು ಇಂಗ್ಲಿಷಿನಲ್ಲಿ, ಈತನ ಪೂರ್ವಿಕರು ಇದೇ ಕೋಟೆಯನ್ನು ಕಾದವರು ಎಂದು ಬೆಟ್ಟದ ಕಡೆ ಕೈ ತೋರಿಸಿದರು. ನಾನು ಮಿಷನ್ ಶಾಲೆಯಲ್ಲಿ ಲೋಯರ್ ಸೆಕೆಂಡರಿವರೆಗೆ ಓದಿದವಳು, ಅಷ್ಟು ಇಂಗ್ಲಿಷು ನನಗೂ ಬರುತ್ತಿತ್ತು. ಸಾಲಿನಲ್ಲಿ ನಿಂತ ಓಬಳಯ್ಯನ ಮುಖ ಕಪ್ಪಿಟ್ಟಿತು.

ಕರ್ನಲ್‌ಗೆ ಸಂತೋಷವಾಗಿ, ಎಲ್ಲಿ ತೆಗೆ ನೋಡೋಣ ಎಂದ. ಪಂಚಾಕ್ಷರಿ ಸರಕ್ಕನೆ ಹಿರಿದ. ಅಲಗು ಬಿಸಿಲಿಗೆ ಮಿಂಚಿತು, ಚನ್ನಮಲ್ಲಯ್ಯನವರು ಚಪ್ಪಾಳೆ ತಟ್ಟಿದರು. ಅವನು ಒರೆಗೆ ಹಾಕಲು ಹೋದಾಗ ಬೊಮ್ಮಕ್ಕ ಸುಣ್ಣದ ಗೆರೆ ದಾಟಿ ಬಂದು ಅವನ ಮಣಿಕಟ್ಟು ಹಿಡಿದಳು.

'ನಿಲ್ಲು ಮಗ. ಅಂಗೇ ಆಕಂಗಿಲ್ಲ. ಹಿರ್ದೋನು ನೀನು, ಬೆರಳು ಕೊಡು.'

ಏನಂತೆ ಈಕೆಯದು ಎಂದು ಕರ್ನಲ್ ಕೇಳಿದ. ನಮ್ಮವರು ಕಣ್ಣು ಮಿಟುಕಿಸದೆ, ಹುಡುಗನ ಮನೆಯ ಹಳೆಯ ಆಳು, ದೃಷ್ಟಿ ತೆಗೆಯಲು ಬಂದಿದ್ದಾಳೆ ಎಂದರು. ತಡೆಯಲಾರದೆ ನಾನು ಮುಂದೆ ಹೋಗಿ ನನ್ನ ಹರಕು ಇಂಗ್ಲಿಷಿನಲ್ಲಿ, ಕತ್ತಿ ಈ ಹೆಂಗಸಿನದು, ಇವಳ ಮಗ ಅಗೋ ಅಲ್ಲಿ ನಿಂತಿದ್ದಾನೆ ಎಂದೆ. ಕರ್ನಲ್ ಬಹಳ ವಿನಯದಿಂದ ತಲೆಯಾಡಿಸಿ ಖಾಲಿ ಬಟ್ಟಲನ್ನು ನನ್ನ ಕೈಗೆ ಕೊಟ್ಟ. ಇನ್ನೊಂದು ಚಹಾ ಬೇಕಾಗಿತ್ತು ಅವನಿಗೆ.

ಅಷ್ಟರಲ್ಲಿ ಪಂಚಾಕ್ಷರಿ ಅಲಗಿನ ಹತ್ತಿರ ತನ್ನ ಬೆರಳನ್ನು ನೋಡಿ, 'ಅವ್ವಾ' ಎಂದು ಅಲ್ಲೇ ಕುಸಿದು ಕುಳಿತ. ರುಮಾಲು ಉರುಳಿ ಧೂಳಿನಲ್ಲಿ ಬಿತ್ತು. ಕೋಟೆ ಕಾದ ವಂಶ! ಓಬಳಯ್ಯ ಸಾಲು ಬಿಟ್ಟು ಬಂದು ಕತ್ತಿ ತೆಗೆದುಕೊಂಡು, ತನ್ನ ಬಲಗೈ ಹೆಬ್ಬೆರಳನ್ನು ಅಲಗಿಗೆ ಎಳೆದ. ಸಿಟ್ಟಿತ್ತೋ ಏನೋ, ಆಳವಾಗಿಯೇ ಎಳೆದ. ರಕ್ತ ಸವರಿ, ಒರೆಗೆ ಹಾಕಿ, ತಾಯಿಯ ಕೈಗೆ ಕೊಟ್ಟು, ಮತ್ತೆ ಹೋಗಿ ಸಾಲಿನಲ್ಲಿ ನಿಂತ. ಹುಡುಗನಿಗೆ ಆಯುಧ ಹಿಡಿಯುವುದು ಇನ್ನೂ ಸರಿಯಾಗಿ ಬರದು, ಕೈ ಕೊಯ್ದುಕೊಂಡ ಎಂದು ನಮ್ಮವರು ಕರ್ನಲ್‌ಗೆ ವಿವರಿಸಿದರು.

ಮಧ್ಯಾಹ್ನ ಗುರಿ ಹೊಡೆಯುವ ಪರೀಕ್ಷೆ. ಬಟ್ಟೆ ಸುತ್ತಿದ ಹೆಬ್ಬೆರಳಿನಲ್ಲಿ ಓಬಳಯ್ಯನಿಗೆ ಕೋವಿ ಗಟ್ಟಿಯಾಗಿ ಹಿಡಿಯಲೂ ಆಗಲಿಲ್ಲ. ಹೊಡೆದದ್ದೆಲ್ಲ ಮಣ್ಣಿಗೆ ಹೋಯಿತು. ಅಪ್ಪಣೆಯಿಲ್ಲದೆ ಸಾಲು ಬಿಟ್ಟವನು, ಆಯುಧದಲ್ಲಿ ಅಜಾಗರೂಕ, ಗುರಿಯೂ ಇಲ್ಲ ಎಂದು ಕರ್ನಲ್ ತೀರ್ಮಾನಿಸಿದ. ಪಂಚಾಕ್ಷರಿ ಬಿಸಿಲಿಗೆ ತಲೆ ತಿರುಗಿ ಕುಳಿತದ್ದು ಎಂದಾಯಿತು. ಅವನಿಗೆ ಗುರಿ ಪರೀಕ್ಷೆಯನ್ನೂ ಮಾಫಿ ಮಾಡಿದರು. ಸಂಜೆ ಚನ್ನಮಲ್ಲಯ್ಯನವರ ಔತಣದಲ್ಲಿ ಸ್ಥಾನ ಅವನದಾಯಿತು. ಓಬಳಯ್ಯ ಖಾಕಿ ಬಟ್ಟೆಯನ್ನು ಒಗೆದು, ಮಡಿಚಿ, ನಮ್ಮ ಜಗಲಿಯ ಮೇಲೆ ಇಟ್ಟು ಹೋದ. ನಮ್ಮವರು ಗುಂಡಿ ಎಲ್ಲ ಇವೆಯೇ ಎಂದು ನೋಡಿದರು.

ಇಷ್ಟಾಗಿ ಪಂಚಾಕ್ಷರಿ ತರಬೇತಿಗೆ ಹೋದನೇ? ಕತ್ತಿ ಹಿಡಿದ ಅವನ ಪಟವನ್ನು ಚನ್ನಮಲ್ಲಯ್ಯನವರು ತಮ್ಮ ಕಂಬಳಿ ಮಂಡಿಯ ಗೋಡೆಗೆ ತೂಗುಹಾಕಿದರು. ಅದನ್ನು ನೋಡಿ ದಾವಣಗೆರೆಯ ಒಂದು ದೊಡ್ಡ ಮನೆಯವರು ಹೆಣ್ಣು ಕೊಟ್ಟರು, ಕಂಟ್ರಾಕ್ಟು ಮುಂದುವರಿಯಿತು. ರೈಲು ಹತ್ತುವ ದಿನ ಬಂದಾಗ ಹುಡುಗನಿಗೆ ಹುಟ್ಟಿದಂದಿನಿಂದ ಉಬ್ಬಸ ಇರುವುದು ಡಾಕ್ಟರಿಗೆ ಪತ್ತೆಯಾಯಿತು. ಓಬಳಯ್ಯನಿಂದ ಕಿತ್ತ ಸ್ಥಾನದಲ್ಲಿ ಯಾರೂ ಕೂರಲಿಲ್ಲ.

ನಮ್ಮವರ ನಕ್ಷತ್ರ ಅಲ್ಲಿಗೇ ನಿಂತಿತು. ಆಫೀಸರನ್ನು ಕೊಡದ ಕಾಲೇಜು ಸಿಪಾಯಿಗಳನ್ನಾದರೂ ಕೊಡಲಿ ಎಂದು ಮೇಲಿನವರು ಚುಚ್ಚಿದರಂತೆ. ಬೇಸಗೆ ರಜಕ್ಕೆ ಮಧುಗಿರಿಗೆ ಹೋದಾಗ, 'ಬೊಮ್ಮಕ್ಕ ನಿನ್ನ ಮಾತು ಕೇಳ್ತಾಳೆ, ಬಾ' ಎಂದು ನನ್ನನ್ನೂ ಹೊರಡಿಸಿದರು. ನಾನು ಹೋದೆ, ಮಾತಾಡಲು ಅಲ್ಲ. ಇವರು ಯಾವ ಮುಖ ಹೊತ್ತು ಆ ಹೊಸ್ತಿಲ ಮುಂದೆ ನಿಲ್ಲುತ್ತಾರೋ ನೋಡಬೇಕಾಗಿತ್ತು.

ಓಬಳಯ್ಯ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಹೆಬ್ಬೆರಳಿನ ಕಲೆ ದೂರಕ್ಕೇ ಕಾಣುತ್ತಿತ್ತು. ನಮ್ಮವರು ಖಾಕಿಯಲ್ಲೇ ಇದ್ದರು, ಶುರುಮಾಡಿದರು. ಸಿಪಾಯಿಯಾಗಿ ಸೇರಿದರೂ ಮುಂದೆ ಮೇಲೇರಬಹುದು, ನಿನ್ನಂಥ ವೀರರ ಮನೆತನದವನು ಸುಮ್ಮನೆ ಕೂರಬಾರದು, ಚಕ್ರವರ್ತಿಗಳಿಗೆ ಕಷ್ಟಕಾಲ ಎಂದೆಲ್ಲ ಹೇಳಿದರು. ವೀರರ ಮನೆತನ ಕೊನೆಗೂ ಸರಿಯಾದ ವಿಳಾಸಕ್ಕೆ ಬಂದಿತ್ತು.

ಓಬಳಯ್ಯ ಹಗ್ಗ ಬಿಟ್ಟು ಎದ್ದ. ಬೂಟಿನ ಆಸೆ ಅವನಲ್ಲಿ ಇನ್ನೂ ಸತ್ತಿರಲಿಲ್ಲ, ಅದು ಅವನ ಕಣ್ಣಿನಲ್ಲಿ ಕಾಣುತ್ತಿತ್ತು. 'ಅವ್ವಾ, ನೀನೇನಂತೀಯ?' ಎಂದ.

ಬೊಮ್ಮಕ್ಕ ರಾಗಿ ಕೇರುವ ಮೊರ ಕೆಳಗಿಟ್ಟಳು. 'ಮೇಷ್ಟ್ರೇ, ಆಪೀಸರ್ ಮಾಡಾಕೆ ನಮ್ಮನೆ ಕತ್ತಿ ಸಾಕಾಯ್ತು. ಸಿಪಾಯಿ ಮಾಡಾಕೆ ನಮ್ಮನೆ ಮಗ್ನೇ ಬೇಕಾ?'

'ಹಾಗಲ್ಲಮ್ಮ, ಅದು ಬೇರೆ, ಇದು ಬೇರೆ' ಎಂದರು ಇವರು.

ಅವಳು ಒಳಗೆ ಹೋಗಿ ಕತ್ತಿ ತಂದು, ಒರೆಯ ಸಮೇತ ಅವರ ಮುಂದೆ ಹಿಡಿದಳು. ಹಿಡಿ ಅವರ ಕಡೆಗಿತ್ತು.

'ಹಿರೀರಿ ಸ್ವಾಮಿ. ನೀವೇ ಹಿರ್ದು, ನಿಮ್ ಬೆರಳು ಕುಯ್ದು, ಒಂದು ತೊಟ್ಟು ಸವರ್ಬುಡಿ. ಆಮ್ಯಾಕೆ ನನ್ ಮಗನ್ನ ಕರ್ಕಂಡೋಗಿ, ನಾನು ಬ್ಯಾಡ ಅನ್ನಾಕಿಲ್ಲ.'

ಒಂದು ತೊಟ್ಟು. ಅವಳು ಕೇಳಿದ್ದು ಅಷ್ಟೇ, ಕೊಡುತ್ತಿದ್ದದ್ದು ಮಗನನ್ನು. ನಮ್ಮವರು ಕತ್ತಿಯನ್ನು ನೋಡಿದರು, ನನ್ನನ್ನು ನೋಡಿದರು. ನಿಧಾನವಾಗಿ ಅವರ ಎರಡೂ ಕೈ ಬೆನ್ನ ಹಿಂದೆ ಹೋಗಿ ಒಂದನ್ನೊಂದು ಹಿಡಿದುಕೊಂಡವು. ಪರೇಡಿನಲ್ಲಿ ಹುಡುಗರಿಗೆ 'ಸ್ಟ್ಯಾಂಡ್ ಅಟ್ ಈಸ್' ಎಂದು ಕೂಗಿ, ಕಾಲು ಅಗಲಿಸಿ ಕೈ ಹಿಂದೆ ಕಟ್ಟಿಸಿ ನಿಲ್ಲಿಸುತ್ತಿದ್ದರಲ್ಲ, ಹಾಗೆ.

ಓಬಳಯ್ಯ ಆ ಕೈಗಳನ್ನೇ ಸ್ವಲ್ಪ ಹೊತ್ತು ನೋಡಿದ. ಅವನ ಕಣ್ಣಿನಲ್ಲಿ ಇದ್ದದ್ದು ಹೋಗಿಬಿಟ್ಟಿತು. 'ಕಾಲು ಇನ್ನೊಂಚೂರು ಅಗಲ ಇರ್ಬೇಕು ಸಾರ್' ಎಂದು, ಕುಳಿತು ಹಗ್ಗ ಕೈಗೆ ತೆಗೆದುಕೊಂಡ.

ಬೀದಿ ಸುತ್ತಿಕೊಂಡು ನಮ್ಮ ತವರು ಸೇರುವವರೆಗೂ ಇವರು ಆ ಜನರ ಅಜ್ಞಾನದ ಬಗ್ಗೆ ಮಾತಾಡಿದರು. ಮಾರನೆಯ ಬೆಳಿಗ್ಗೆ ಎಂದಿನಂತೆ ಮಂಚದ ಮೇಲೆ ಕುಳಿತು ಕಾಲು ಚಾಚಿದರು. ನಾನು ಪಟ್ಟಿಯ ಸುರುಳಿಯನ್ನು ಅವರ ತೊಡೆಯ ಮೇಲಿಟ್ಟು ಒಳಗೆ ಹೋದೆ.