ಎಡಗೈಯ ಮಾತು

ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡು ಆಚೆಗೂ ಇಲ್ಲ, ಈಚೆಗೂ ಇಲ್ಲ ಎಂಬಂತಾಗಿತ್ತು. “ಅಡ್ಡ ಮಾಡಿ, ಅಡ್ಡ!” ಎಂದು ಸೋದರಮಾವ ಕೂಗುತ್ತಿದ್ದ. ನಡುಮನೆಯಲ್ಲಿ ಮಲಗಿಸಿದ್ದ ಅವನ ಅಕ್ಕನ ಹೆಣದ ಸುತ್ತ ಬಂದವರು ಕೂರಲು ಜಾಗವಾಗಬೇಕಿತ್ತು. ಸತ್ತವಳ ಮಗಳು ಸೋಫಾದ ಒಂದು ತುದಿ ಹಿಡಿದುಕೊಂಡೇ ಬಂದವರಿಗೆ ತಲೆಯಾಡಿಸುತ್ತಿದ್ದಳು. ಅವಳು ಮೆಡಿಕಲ್ ಕಾಲೇಜಿನಲ್ಲಿ ಮಿದುಳಿನ ಪಾಠ ಹೇಳುವವಳು.

“ಅಮ್ಮನ್ನ ಎಷ್ಟು ಚೆನ್ನಾಗಿ ನೋಡ್ಕೊಂಡ್ರಿ,” ಎಂದಳು ಕಾಲೇಜಿನಿಂದ ಬಂದ ಗೆಳತಿ. “ಕೊನೆಕೊನೆಗೆ ಎಷ್ಟು ಶಾಂತವಾಗಿದ್ರು!”

“ಶಾಂತ ಎಲ್ಲಿ ಬಂತು ನಮ್ಮಕ್ಕಂಗೆ?” ಮಾವ ಬೆವರು ಒರೆಸಿಕೊಂಡ. “ಆಸ್ಪತ್ರೆ ಬಟ್ಟೆಕೋಣೇಲಿ ಹರಿದ ಹೊದಿಕೆಗೆ ತೇಪೆ ಹಾಕ್ತಾ ಇವಳನ್ನ ಓದಿಸಿದ್ಲು. ಬಾಯಿ ಅಂದ್ರೆ ಬಾಯಿ. ದೊಡ್ಡ ಡಾಕ್ಟ್ರನ್ನೂ ಬಿಡ್ತಿರಲಿಲ್ಲ. ಅಂಥವಳ ನಾಲಿಗೇನೇ ಬಿದ್ದೋಯ್ತಲ್ಲಪ್ಪ.”

ಅಷ್ಟರಲ್ಲಿ ಹಿಂದಿನ ಬೀದಿಯ ಇಸ್ತ್ರಿ ಅಂಗಡಿಯ ಗಂಡಹೆಂಡತಿ ಬಂದರು. ಹೆಂಡತಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಮಗಳಿಗೆ ಅವಳ ಬಗ್ಗೆ ತಿಳಿದಿದ್ದು ಅಷ್ಟೇ. ಆ ಹೆಂಗಸು ಸೀದಾ ಹೋಗಿ ಹೆಣದ ಪಕ್ಕ ಮಂಡಿಯೂರಿದಳು. ಅಂಗೈಯನ್ನು ತನ್ನ ಹೆಗಲಿನಿಂದ ಮೆಲ್ಲಗೆ ಕೆಳಕ್ಕೆ ಜಾರಿಸಿದಳು. ಮತ್ತೊಮ್ಮೆ ಜಾರಿಸಿದಳು.

ಮಗಳ ಕೈಯಿಂದ ಸೋಫಾ ಜಾರಿತು. ಆ ಸನ್ನೆ ಅವಳು ಕಂಡಿದ್ದೇ.

*

ಲಕ್ವ ಹೊಡೆದ ಮೇಲೆ ಅಮ್ಮನ ಬಲಗೈ ಸೋತಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. ಹಗಲೆಲ್ಲ ಹಿತ್ತಿಲ ಮೋಟುಗೋಡೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದಳು. ಕೆಲವು ತಿಂಗಳು ಕಳೆದ ಮೇಲೆ ಅವಳ ಎಡಗೈ ಗಾಳಿಯಲ್ಲಿ ಆಡತೊಡಗಿತು. ಮಗಳು ಸಂಜೆ ಮನೆಯೊಳಗೆ ಕಾಲಿಟ್ಟ ಕೂಡಲೇ ಅಂಗೈ ಹೆಗಲಿನಿಂದ ಕೆಳಕ್ಕೆ ಜಾರುತ್ತಿತ್ತು. ಕಣ್ಣು ಮಗಳ ಮುಖದಲ್ಲೇ ನೆಟ್ಟಿರುತ್ತಿತ್ತು. ಮಗಳು ಸುಮ್ಮನಿದ್ದರೆ ಮತ್ತೊಮ್ಮೆ, ಇನ್ನೂ ನಿಧಾನವಾಗಿ, ದಡ್ಡಿಗೆ ಪಾಠ ಹೇಳುವ ಹಾಗೆ.

ಒಂದು ಸಂಜೆ ಊರಿನ ಸಭೆಯೊಂದರಲ್ಲಿ ಮಗಳ ಭಾಷಣ ಮುಗಿದು ಪ್ರಿನ್ಸಿಪಾಲರೂ ಇನ್ನಿಬ್ಬರೂ ಮನೆಗೆ ಬಂದಿದ್ದರು. ಅವಳು ಅದೇ ಹುರುಪಿನಲ್ಲಿದ್ದಳು. “ಬೆಳೆದ ಇಲಿಯ ಮಿದುಳಲ್ಲೂ ಹೊಸ ಕೋಶ ಹುಟ್ಟುತ್ತೆ ಸರ್. ಮನುಷ್ಯರ ವಿಷ್ಯದಲ್ಲಿ ಇನ್ನೂ ಜಗಳ ನಡೀತಿದೆ. ಹುಟ್ಟಿದ್ರೆ ಸಾಲದು, ಅದು ಎಳೆ ಚಾಚಿ ಹಳೇ ಕೋಶಗಳ ಜೊತೆ ಸಂಬಂಧ ಬೆಳೆಸ್ಕೋಬೇಕು. ಹೊಸದೇನಾದ್ರೂ ಕಲೀತಿದ್ರೆ ಹೆಚ್ಚು ಕೋಶ ಬದುಕಿಕೊಳ್ತವೆ. ಕೆಲಸ ಇಲ್ದಿದ್ರೆ ಎಷ್ಟೋ ಕೋಶ ಕೆಲವೇ ವಾರದಲ್ಲಿ ಸಾಯ್ತವೆ.”

ಮೂಲೆಯಲ್ಲಿ ಕೂತಿದ್ದ ಅಮ್ಮನ ಕೈ ಎದ್ದಿತು. ಬೆರಳುಗಳು ಕೂಡಿದವು, ಬಿಚ್ಚಿಕೊಂಡವು, ಅವಳ ಎದೆಯನ್ನೂ ಹಣೆಯನ್ನೂ ಮುಟ್ಟಿದವು.

“ಏನೋ ಹೇಳ್ತಿದಾರೆ ಅನ್ಸುತ್ತೆ,” ಎಂದರು ಪ್ರಿನ್ಸಿಪಾಲರು.

“ಇಲ್ಲ ಸರ್, ಕೈ ತಾನಾಗೇ ಆಡುತ್ತೆ, ಕಾಯಿಲೆ ಮುಂದುವರೀತಿದೆ,” ಎಂದ ಮಗಳು ಎದ್ದು ಹೋಗಿ ಆ ಕೈಯನ್ನು ಮಡಿಲಿಗೆ ಒತ್ತಿ ಹಿಡಿದಳು. “ಸುಮ್ನಿರಮ್ಮ, ಮಾನ ಕಳೀಬೇಡ,” ಎಂದು ಕಿವಿಯಲ್ಲಿ ಗದರಿದಳು.

ಮರುದಿನ ಪರಿಚಯದ ಡಾಕ್ಟರಿಗೆ ಫೋನಿನಲ್ಲೇ ಹೇಳಿ ಮಾತ್ರೆ ಬರೆಸಿದಳು. ಕೈ ನಿಂತಿತು. ಅಮ್ಮ ಮಗಳ ಮುಖ ನೋಡುವುದೂ ನಿಂತಿತು.

*

“ಅದೇನು, ಹೆಗಲಿಂದ ಕೈ ಜಾರಿಸಿದ್ದು?” ಮಗಳು ಇಸ್ತ್ರಿಯವನನ್ನು ಕೇಳಿದಳು.

“ಸುಸ್ತಾಯ್ತಾ ಅಂತ, ಮೇಡಂ. ಗೋಡೆ ಆಚೆಯಿಂದ ಇವಳೇ ಅಮ್ಮಾವ್ರಿಗೆ ಕಲಿಸಿದ್ದು. ಮೊದಮೊದಲು ಬರೀ ತಪ್ಪು. ಆಮೇಲೆ ನೋಡ್ಬೇಕಿತ್ತು, ಒಂದೇ ಕೈಯಲ್ಲಿ ನನ್ನನ್ನ ಆಡ್ಕೊಂಡು ನಗೋರು. ದಿಂಬಿನ ಚೀಲ ನೆಟ್ಟಗೆ ಮಡಚೋಕೆ ಬರಲ್ಲ ಇವನಿಗೆ ಅಂತ.”

“ನನಗ್ಯಾಕೆ ಹೇಳ್ಲಿಲ್ಲ?”

ಅವನು ತಬ್ಬಿಬ್ಬಾದ. “ನಿಮಗೆ ಹೇಳೋದೇನು ಮೇಡಂ? ಮನೇಲಿ ನಿಮ್ಮ ಹತ್ರಾನೂ ಹೀಗೇ ಮಾತಾಡ್ತಾರೆ ಅಂದ್ಕೊಂಡಿದ್ವಿ.”

ಕಾಲೇಜಿನ ಗೆಳತಿ ಪಕ್ಕದಲ್ಲೇ ಇದ್ದಳು. ಮಗಳ ಮುಖ ಕಿವಿಯವರೆಗೂ ಬಿಸಿಯಾಯಿತು. ಇಸ್ತ್ರಿಯವನ ಹೆಂಡತಿ ಎದ್ದು ಬಂದು ಗಂಡನ ತೋಳು ತಟ್ಟಿ ಏನೋ ಕೇಳಿದಳು.

“ಅಮ್ಮಾವ್ರು ಕೊನೆಗೆ ಯಾಕೆ ಮಾತು ಬಿಟ್ರು ಅಂತ ಕೇಳ್ತಿದಾಳೆ. ನನ್ನಿಂದೇನಾದ್ರೂ ತಪ್ಪಾಯ್ತಾ ಅಂತ. ದಿನಾ ಗೋಡೆ ಹತ್ರ ಹೋಗಿ ನಿಲ್ಲೋಳು, ಮೇಡಂ.”

“ಕಾಯಿಲೆ ಜಾಸ್ತಿ ಆಯ್ತು ಅಂತ ಹೇಳಿ.”

ಅವನು ಹೇಳಿದ. ಹೆಂಡತಿಯ ಕಣ್ಣು ತುಂಬಿತು. ಹತ್ತಿರ ಬಂದು, ಇಸ್ತ್ರಿಯ ಕಾವಿಗೆ ಒರಟಾಗಿದ್ದ ಅಂಗೈಯಿಂದ ಮಗಳ ಕೆನ್ನೆ ಸವರಿದಳು. ಅದನ್ನು ತಡೆದುಕೊಳ್ಳಲು ಮಗಳಿಂದ ಆಗಲಿಲ್ಲ.

“ಸುಳ್ಳು ಹೇಳ್ದೆ. ಕೈ ನಿಲ್ಲಲಿ ಅಂತ ನಾನೇ ಮಾತ್ರೆ ಕೊಟ್ಟೆ. ಜನರ ಮುಂದೆ ನಾಚಿಕೆ ಆಗ್ತಿತ್ತು. ಇದನ್ನೇ ಹೇಳಿ.”

“ಇವತ್ತು ಬೇಡ ಬಿಡಿ, ಮೇಡಂ.”

“ಹೇಳಿ.”

ಅವನು ಹೆಂಡತಿಯ ಕಡೆ ತಿರುಗಿ ನಿಧಾನವಾಗಿ ಕೈಯಾಡಿಸಿದ. ಮಾವ ಬಾಗಿಲಲ್ಲೇ ನಿಂತುಬಿಟ್ಟ. ಹೆಂಡತಿ ಅವನ ಕೈಗಳನ್ನು ಕೊನೆಯವರೆಗೂ ನೋಡಿದಳು. ಮಲಗಿದ್ದವಳನ್ನೊಮ್ಮೆ, ನಿಂತಿದ್ದವಳನ್ನೊಮ್ಮೆ ನೋಡಿದಳು. ಆಮೇಲೆ ತನ್ನ ಎರಡೂ ಕೈಗಳನ್ನು ಸೆರಗಿನೊಳಕ್ಕೆ ಎಳೆದುಕೊಂಡು, ಕಂಕುಳಲ್ಲಿ ಬಿಗಿಯಾಗಿ ಇಟ್ಟುಕೊಂಡಳು.